ಹತ್ತು ಪ್ರತಿ, ಮೂವತ್ತು ದಿನ

— ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ನನ್ನ ಲಿನಕ್ಸ್ ಸರ್ವರಿನಲ್ಲಿ ಎಲ್‌ವಿಎಂ, ಅಂದರೆ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಬರೆದಿಡುವ ಆರ್ಕೈವನ್ನೇ ಬಂದ್ ಮಾಡಿಬಿಡುತ್ತೇನೆ. ಇಟಿಸಿ ಒಳಗೆ ಎಲ್‌ವಿಎಂ, ಅದರೊಳಗೆ ಆರ್ಕೈವ್ ಅಂತ ಒಂದು ಡೈರೆಕ್ಟರಿ ಇದೆಯಲ್ಲ, ಅದರಲ್ಲಿ ಎಂಟು ಸಾವಿರಕ್ಕೂ ಮೇಲೆ ಫೈಲುಗಳು ತುಂಬಿವೆ. ಒಂದನ್ನೂ ಯಾರೂ ಬಿಚ್ಚಿ ನೋಡಿಲ್ಲ.

— ಅಷ್ಟೊಂದು ಎಲ್ಲಿಂದ ಬಂದವು ಅಂತ ನೋಡಿದಿರಾ?

— ನೋಡಿದೆ. ಆರು ಲಾಜಿಕಲ್ ವಾಲ್ಯೂಮ್‌ಗಳಿಗೆ ಗಂಟೆಗೊಂದು ಸ್ನ್ಯಾಪ್‌ಶಾಟ್. ಮಾಡುವಾಗ ಒಂದು ಕಮಾಂಡು, ತೆಗೆಯುವಾಗ ಇನ್ನೊಂದು. ಕಮಾಂಡಿಗೊಂದು ಫೈಲು.

— ಅಲ್ಲಿಗೆ ದಿನಕ್ಕೆ 288 ಆಯಿತು, ಮೂವತ್ತು ದಿನಕ್ಕೆ 8,640. ಅಂದರೆ ಎಲ್‌ವಿಎಂ ತನಗೆ ಹೇಳಿದ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಮೂವತ್ತು ದಿನ ಇಟ್ಟುಕೋ ಅಂತ ನಾವೇ ಹೇಳಿದ್ದೇವೆ, ಅಥವಾ ಏನೂ ಹೇಳದೆ ಬಿಟ್ಟಿದ್ದೇವೆ. ಬಂದ್ ಮಾಡುವ ಮೊದಲು ಒಂದು ಫೈಲನ್ನಾದರೂ ತೆರೆದು ನೋಡಿ. ಬರಿ ಪಠ್ಯ ಅದು, ಓದಲು ಬರುತ್ತದೆ.

— ತೆರೆದೆ. ಮೇಲೆ ಒಂದು ವಿವರಣೆಯ ಸಾಲಿದೆ. ಎಲ್‌ವಿರಿಮೂವ್ ಕಮಾಂಡು ಓಡಿಸುವ ಮೊದಲು ಸೃಷ್ಟಿಸಿದ್ದು ಅಂತ ಬರೆದು, ಆ ಕಮಾಂಡನ್ನು ಅದರ ಆಯ್ಕೆಗಳ ಸಮೇತ ಹಾಗೆಯೇ ಕೊಟ್ಟಿದೆ. ಕೆಳಗೆ ಯಂತ್ರದ ಹೆಸರು, ಸೃಷ್ಟಿಯಾದ ಹೊತ್ತು.

— ಅದರ ಕೆಳಗೆ?

— ವಾಲ್ಯೂಮ್ ಗ್ರೂಪಿನ ಹೆಸರು, ಉದ್ದನೆಯ ಐಡಿ, ಒಂದು ಅನುಕ್ರಮ ಸಂಖ್ಯೆ. ಎಕ್ಸ್‌ಟೆಂಟ್ ಗಾತ್ರ 8192 ಅಂತಿದೆ.

— ಅದು ಸೆಕ್ಟರುಗಳ ಲೆಕ್ಕ. 512 ಬೈಟಿನ ಸೆಕ್ಟರು 8192 ಇದ್ದರೆ 4 ಎಂಬಿ ಆಗುತ್ತದೆ. ಇಡೀ ಡಿಸ್ಕನ್ನು ಎಲ್‌ವಿಎಂ ಆ ಗಾತ್ರದ ತುಂಡುಗಳಾಗಿ ನೋಡುತ್ತದೆ. ಮುಂದೆ ಓದಿ, ಯಾವ ವಾಲ್ಯೂಮಿನ ಯಾವ ಭಾಗ ಯಾವ ಡಿಸ್ಕಿನ ಎಷ್ಟನೆಯ ತುಂಡಿನಿಂದ ಶುರುವಾಗಿ ಎಷ್ಟು ತುಂಡುಗಳವರೆಗೆ ಇದೆ ಅನ್ನುವುದು ಪೂರ್ತಿ ಸಿಗುತ್ತದೆ. ಹಾಗಾಗಿ ಇಡೀ ಸಂಗ್ರಹದ ಪಹಣಿ ಆ ಒಂದು ಫೈಲಿನಲ್ಲಿದೆ. ಸರ್ವೆ ನಂಬರು, ಗಡಿ, ಒಡೆತನ ಎಲ್ಲ ಇದೆ. ಹೊಲದಲ್ಲಿ ನಿಂತ ಬೆಳೆ ಮಾತ್ರ ಈ ಫೈಲಿನಲ್ಲಿಲ್ಲ.

— ನನ್ನ ಡೇಟಾದ ಒಂದು ಬೈಟೂ ಇಲ್ಲ ಅಂತಾಯಿತು. ಹಾಗಿದ್ದ ಮೇಲೆ ಇಟ್ಟುಕೊಂಡು ಏನು ಮಾಡಲಿ?

— ಎರಡು ಸಂದರ್ಭ ಹೇಳುತ್ತೇನೆ. ಮೊದಲನೆಯದು ಯಾರೋ ತಪ್ಪಾದ ವಾಲ್ಯೂಮನ್ನು ಎಲ್‌ವಿರಿಮೂವ್ ಮಾಡಿದರು ಅನ್ನುವುದು. ಎಲ್‌ವಿಎಂ ಅಳಿಸುವುದು ಪಹಣಿಯ ನಮೂದನ್ನು ಮಾತ್ರ. ಆ ತುಂಡುಗಳಲ್ಲಿದ್ದ ಬೈಟುಗಳು ಡಿಸ್ಕಿನ ಮೇಲೆ ಹಾಗೆಯೇ ಇರುತ್ತವೆ. ಅಳಿಸುವ ಮುನ್ನ ಬರೆದಿಟ್ಟ ಆರ್ಕೈವ್ ಫೈಲನ್ನು ವಿಜಿಸಿಎಫ್‌ಜಿರಿಸ್ಟೋರ್ ಕಮಾಂಡಿಗೆ ಕೊಟ್ಟರೆ ನಮೂದು ವಾಪಸು ಬರುತ್ತದೆ. ವಾಲ್ಯೂಮನ್ನು ಮತ್ತೆ ಸಕ್ರಿಯ ಮಾಡಿದರೆ ಒಳಗಿನ ಫೈಲ್ ಸಿಸ್ಟಂ ಇದ್ದ ಹಾಗೇ ಸಿಗುತ್ತದೆ.

— ಅಷ್ಟೇ ಗಾತ್ರದ ವಾಲ್ಯೂಮನ್ನು ನಾನೇ ಕೈಯಾರೆ ಮತ್ತೆ ಮಾಡಿಕೊಂಡರೆ ಆಗದೇ? ಅದೇ ಜಾಗದಲ್ಲಿ ಕೂರುವ ಸಾಧ್ಯತೆ ಇದೆ.

— ಅಲ್ಲೇ ಜನ ಏಟು ತಿನ್ನುವುದು. ಎಲ್‌ವಿಕ್ರಿಯೇಟ್ ಹೊಸ ವಾಲ್ಯೂಮಿನ ಮೊದಲ 4 ಕೆಬಿಯನ್ನು ತಾನಾಗಿ ಸೊನ್ನೆ ತುಂಬಿ ಒರೆಸುತ್ತದೆ. ಹಳೆಯ ಫೈಲ್ ಸಿಸ್ಟಮಿನ ಗುರುತು ಕಂಡರೆ ಅದನ್ನೂ ಅಳಿಸಲು ಹೊರಡುತ್ತದೆ. ಹಲವು ಫೈಲ್ ಸಿಸ್ಟಂಗಳ ಮುಖ್ಯ ವಿವರ ಇರುವುದೇ ಆ ಮೊದಲ ಕೆಲವು ಕೆಬಿಗಳಲ್ಲಿ. ಅದೂ ಅಲ್ಲದೆ ನಿಮ್ಮ ವಾಲ್ಯೂಮು ಒಂದೇ ಸಲಕ್ಕೆ ಹುಟ್ಟಿದ್ದೋ, ನಾಲ್ಕು ಸಲ ಬೆಳೆಸಿದ್ದೋ? ಬೆಳೆಸಿದ್ದರೆ ಅದು ನಾಲ್ಕು ಕಡೆ ಚದುರಿರುತ್ತದೆ. ಆ ಚದುರಿಕೆಯನ್ನು ನೆನಪಿನಿಂದ ಬರೆಯಲು ಯಾರಿಂದಲೂ ಆಗದು.

— ಎರಡನೆಯ ಸಂದರ್ಭ?

— ಡಿಸ್ಕಿನ ತಲೆ ಹೋಗುವುದು. ಎಲ್‌ವಿಎಂ ತನ್ನ ಗುರುತನ್ನೂ ಮೆಟಾಡೇಟಾವನ್ನೂ ಇಡುವುದು ಪ್ರತಿ ಡಿಸ್ಕಿನ ಆರಂಭದ ಸುಮಾರು 1 ಎಂಬಿಯಲ್ಲಿ. ಯಾರೋ ಆ ಡಿಸ್ಕಿಗೆ ಹೊಸದಾಗಿ ಪಾರ್ಟಿಷನ್ ಬರೆದರು, ಇಲ್ಲವೇ ಇನ್‌ಸ್ಟಾಲರಿನಲ್ಲಿ ತಪ್ಪು ಡಿಸ್ಕು ಆರಿಸಿದರು, ತಲೆ ಹೋಯಿತು. ಆಗ ಈ ಯುಯುಐಡಿ (ಡಿಸ್ಕಿನ ಉದ್ದನೆಯ ಐಡಿ) ಇರುವ ಸಾಧನ ಸಿಗುತ್ತಿಲ್ಲ ಅನ್ನುವ ಸಂದೇಶ ಬರುತ್ತದೆ. ಪಿವಿಕ್ರಿಯೇಟ್ ಕಮಾಂಡಿಗೆ ಹಳೆಯ ಯುಯುಐಡಿಯನ್ನೂ ಬ್ಯಾಕಪ್ ಫೈಲನ್ನೂ ಕೊಟ್ಟು ತಲೆಯನ್ನು ಮತ್ತೆ ಬರೆಯಬೇಕು, ಆಮೇಲೆ ವಿಜಿಸಿಎಫ್‌ಜಿರಿಸ್ಟೋರ್. ಇಲ್ಲಿ ಬೇಕಾಗುವುದು ತೀರಾ ಇತ್ತೀಚಿನ ಪ್ರತಿ. ಅದು ಸಿಗುವುದು ಆರ್ಕೈವ್ ಡೈರೆಕ್ಟರಿಯಲ್ಲಿ ಅಲ್ಲ, ಪಕ್ಕದ ಬ್ಯಾಕಪ್ ಡೈರೆಕ್ಟರಿಯಲ್ಲಿ.

— ಎರಡೂ ಒಂದೇ ಅಂದುಕೊಂಡಿದ್ದೆ.

— ಬ್ಯಾಕಪ್ಪಿನಲ್ಲಿ ವಾಲ್ಯೂಮ್ ಗ್ರೂಪಿಗೆ ಒಂದೇ ಫೈಲು. ಬದಲಾವಣೆ ಮುಗಿದ ಮೇಲೆ ಬರೆಯುತ್ತದೆ, ಮುಂದಿನ ಸಲ ಅದರ ಮೇಲೇ ಬರೆಯುತ್ತದೆ. ಅದು ಇವತ್ತಿನ ಸ್ಥಿತಿ. ಆರ್ಕೈವಿನಲ್ಲಿ ಇರುವುದು ಪ್ರತಿ ಬದಲಾವಣೆಗೂ ಮೊದಲಿನ ಸ್ಥಿತಿ, ಒಂದರ ಹಿಂದೆ ಒಂದು. ಎಷ್ಟು ಇಡಬೇಕು ಅನ್ನುವ ಪ್ರಶ್ನೆ ಹುಟ್ಟುವುದು ಈ ಎರಡನೆಯದಕ್ಕೆ ಮಾತ್ರ. ಅದಕ್ಕೆ ಲಿನಕ್ಸಿನ ಎಲ್‌ವಿಎಂ ಎರಡು ಸಂಖ್ಯೆಗಳನ್ನು ಕೇಳುತ್ತದೆ. ರಿಟೇನ್ ಮಿನ್, ನಾವು ಏನೂ ಹೇಳದಿದ್ದರೆ 10. ರಿಟೇನ್ ಡೇಸ್, ಹೇಳದಿದ್ದರೆ 30.

— ಅಂದರೆ ಹತ್ತು ಫೈಲು ದಾಟಿದರೆ ಹಳೆಯದು ಹೋಗುತ್ತದೆ, ಮೂವತ್ತು ದಿನ ದಾಟಿದರೂ ಹೋಗುತ್ತದೆ.

— ಅಲ್ಲ. ಬಹಳ ಜನ ಹಾಗೇ ಓದಿಕೊಳ್ಳುತ್ತಾರೆ. ಹತ್ತು ಅನ್ನುವುದು ಮೇಲ್ಮಿತಿಯಲ್ಲ, ಕೆಳಮಿತಿ. ಒಂದು ಫೈಲು ಅಳಿಯಬೇಕಾದರೆ ಎರಡೂ ಷರತ್ತು ಒಟ್ಟಿಗೆ ಕೂಡಬೇಕು. ಆ ಗ್ರೂಪಿನ ಫೈಲುಗಳು ಹತ್ತಕ್ಕಿಂತ ಹೆಚ್ಚಿರಬೇಕು, ಮತ್ತು ಈ ಫೈಲು ಮೂವತ್ತು ದಿನಕ್ಕಿಂತ ಹಳೆಯದಾಗಿರಬೇಕು. ಒಂದೇ ಇದ್ದರೆ ಅಳಿಯದು. ವರ್ಷಕ್ಕೆ ಎರಡು ಸಲ ಮಾತ್ರ ಬದಲಾವಣೆ ಕಾಣುವ ಡೇಟಾಬೇಸ್ ಸರ್ವರ್ ಇದೆ ಅನ್ನಿ. ಅಲ್ಲಿ ಮೂರು ವರ್ಷದ ಹಿಂದಿನ ಪ್ರತಿಯೂ ಸಿಗುತ್ತದೆ, ಯಾಕೆಂದರೆ ಹತ್ತೇ ಆಗಿಲ್ಲ. ನಿಮ್ಮ ಸರ್ವರಿನಲ್ಲಾದರೆ ಹತ್ತು ಪ್ರತಿ ಒಂದು ಗಂಟೆಯೊಳಗೇ ಆಗಿಹೋಗುತ್ತವೆ. ಅಲ್ಲಿ ಕಾಯುವುದು ದಿನದ ಲೆಕ್ಕ. ಮೌನವಾಗಿರುವ ಯಂತ್ರವನ್ನು ಒಂದು ಸಂಖ್ಯೆ ಕಾಪಾಡುತ್ತದೆ, ಗದ್ದಲದ ಯಂತ್ರವನ್ನು ಇನ್ನೊಂದು. ಇದನ್ನು ಹೀಗೆ ಯೋಚಿಸಿ ಕಟ್ಟಿದವರ ಬಗ್ಗೆ ನನಗೆ ಗೌರವವಿದೆ.

— ಕಟ್ಟಿದವರು ಯಾರು?

— ಲಿನಕ್ಸಿಗೆ ಮೊದಲ ಎಲ್‌ವಿಎಂ ಬರೆದದ್ದು ಹೈನ್ಸ್ ಮೌಎಲ್ಸ್‌ಹಾಗನ್, 1998ರಲ್ಲಿ. ಎಚ್‌ಪಿ-ಯುಎಕ್ಸ್‌ನಲ್ಲಿ ಇದ್ದ ವಾಲ್ಯೂಮ್ ಮ್ಯಾನೇಜರ್ ಅದಕ್ಕೆ ಮಾದರಿ. ಈಗ ನಾವು ಬಳಸುವುದು ಎರಡನೆಯ ತಲೆಮಾರು. ಮೆಟಾಡೇಟಾವನ್ನು ಮನುಷ್ಯರು ಓದಬಹುದಾದ ಪಠ್ಯವಾಗಿ ಬರೆಯುವ ಕ್ರಮ ಬಂದದ್ದು ಈ ತಲೆಮಾರಿನಲ್ಲಿ. ಆ ಒಂದು ನಿರ್ಧಾರದಿಂದ ಎಷ್ಟು ಜನರ ಡೇಟಾ ಉಳಿದಿರಬಹುದು! ಬೈನರಿಯಾಗಿದ್ದರೆ ಆಪತ್ತಿನ ಹೊತ್ತಿನಲ್ಲಿ ಯಾರು ಕೂತು ಬಿಡಿಸುತ್ತಿದ್ದರು?

— ಸರಿ, ಹಳೆಯದನ್ನು ಅಳಿಸುವ ಕೆಲಸ ಯಾವಾಗ ನಡೆಯುತ್ತದೆ? ದಿನಕ್ಕೊಮ್ಮೆ ಓಡುವ ಯಾವುದಾದರೂ ಕ್ರಾನ್ ಇದೆಯೇ?

— ಇಲ್ಲ. ಆ ಗ್ರೂಪಿಗೆ ಹೊಸ ಆರ್ಕೈವ್ ಬರೆಯುವಾಗ, ಅದೇ ಹೊತ್ತಿನಲ್ಲಿ, ಅದೇ ಹೆಸರಿನ ಹಳೆಯ ಫೈಲುಗಳನ್ನು ನೋಡಿ ಅಳಿಸುತ್ತದೆ. ಇದರಿಂದ ಮೂರು ಪರಿಣಾಮಗಳಿವೆ, ಮೂರೂ ಗಮನಿಸಬೇಕಾದವು. ಗ್ರೂಪಿನ ಹೆಸರು ಬದಲಿಸಿದರೆ ಅಥವಾ ಗ್ರೂಪನ್ನೇ ತೆಗೆದರೆ, ಹಳೆಯ ಹೆಸರಿನ ಫೈಲುಗಳು ಎಷ್ಟು ವರ್ಷವಾದರೂ ಹಾಗೇ ಬಿದ್ದಿರುತ್ತವೆ, ಅವನ್ನು ಕೇಳುವವರೇ ಇಲ್ಲ. ಎರಡನೆಯದು, ನೀವು ಇವತ್ತು ದಿನವನ್ನು ಏಳಕ್ಕೆ ಇಳಿಸಿದರೆ ಇವತ್ತೇ ಏನೂ ಆಗುವುದಿಲ್ಲ, ಮುಂದಿನ ಬದಲಾವಣೆಯ ಕಮಾಂಡು ಬಂದಾಗ ಸಾವಿರಾರು ಫೈಲು ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಇಳಿಸುವ ಮೊದಲು ಒಂದು ಪ್ರತಿ ಬೇರೆ ಕಡೆ ತೆಗೆದಿಡಿ.

— ಮೂರನೆಯದು?

— ಫೈಲಿನ ವಯಸ್ಸನ್ನು ಅದು ಅಳೆಯುವುದು ಫೈಲ್ ಸಿಸ್ಟಮಿನಲ್ಲಿ ದಾಖಲಾದ ಮಾರ್ಪಾಡಿನ ಸಮಯದಿಂದ. ಹೆಸರಿನ ಕೊನೆಯಲ್ಲಿ ಒಂದು ಉದ್ದ ಸಂಖ್ಯೆ ಇರುತ್ತದಲ್ಲ, ಅದನ್ನು ಸಮಯ ಅಂದುಕೊಳ್ಳುವವರಿದ್ದಾರೆ. ಅದು ಸುಮ್ಮನೆ ಯಾದೃಚ್ಛಿಕ ಸಂಖ್ಯೆ. ಹೊಸ ಯಂತ್ರಕ್ಕೆ ಸ್ಥಳಾಂತರ ಮಾಡುವಾಗ ಸಮಯವನ್ನು ಉಳಿಸದೆ ನಕಲು ಮಾಡಿದರೆ, ಹಳೆಯವೆಲ್ಲ ಇವತ್ತು ಹುಟ್ಟಿದವಾಗುತ್ತವೆ, ಮತ್ತೆ ಮೂವತ್ತು ದಿನ ಕೂರುತ್ತವೆ. ನಿಜವಾದ ಸಮಯ ಬೇಕಾದರೆ ಫೈಲಿನ ಒಳಗೆ ನೋಡಬೇಕು.

— ಇಷ್ಟೆಲ್ಲ ಕೇಳಿದ ಮೇಲೆ ಇನ್ನೊಂದು ವಾದ ಹೂಡುತ್ತೇನೆ. ಜಾಗ ಅಗ್ಗ. ಫೈಲಿಗೆ 30 ಕೆಬಿ ಅಂತ ಹಿಡಿದರೂ ಎಂಟೂವರೆ ಸಾವಿರಕ್ಕೆ 250 ಎಂಬಿ ಆಗಬಹುದು. ಬಂದ್ ಮಾಡುವುದು ತಪ್ಪಾದರೆ ಎಲ್ಲವನ್ನೂ ಹಾಗೇ ಇಟ್ಟುಬಿಡೋಣ. ಮೂರು ವರ್ಷ ಅಂತ ಬರೆದರಾಯಿತು.

— ಅದಕ್ಕೂ ನಾನು ಒಪ್ಪುವುದಿಲ್ಲ. ಪ್ರತಿ ಹೊಸ ಆರ್ಕೈವಿಗೂ ಎಲ್‌ವಿಎಂ ಆ ಡೈರೆಕ್ಟರಿಯನ್ನು ಪೂರ್ತಿ ಓದಿ, ಮುಂದಿನ ಸಂಖ್ಯೆ ಯಾವುದು ಅಂತ ಲೆಕ್ಕ ಹಾಕುತ್ತದೆ. ಫೈಲು ಹೆಚ್ಚಿದಷ್ಟೂ ಪ್ರತಿ ಸ್ನ್ಯಾಪ್‌ಶಾಟೂ ಒಂದಿಷ್ಟು ನಿಧಾನ. ಎಚ್ಚರಿಕೆ ಕೊಡುವ ಹೊಸ ಆವೃತ್ತಿಗಳೂ ಬಂದಿವೆ. ಆರ್ಕೈವ್ ವಿಪರೀತ ಬೆಳೆದರೆ ಕಡಿಮೆ ಮಾಡುವುದನ್ನು ಯೋಚಿಸಿ ಅಂತ ಅವೇ ಹೇಳುತ್ತವೆ. ಇನ್ನೂ ಕೆಟ್ಟದ್ದು ರೂಟ್ ಫೈಲ್ ಸಿಸ್ಟಂ ತುಂಬುವುದು. ತುಂಬಿದಾಗ ನೀವು ಮೊದಲು ಏನು ಮಾಡುತ್ತೀರಿ?

— ಎಲ್‌ವಿಎಕ್ಸ್‌ಟೆಂಡ್ ಹಾಕಿ ರೂಟ್ ವಾಲ್ಯೂಮನ್ನು ದೊಡ್ಡದು ಮಾಡುತ್ತೇನೆ.

— ಎಲ್‌ವಿಎಕ್ಸ್‌ಟೆಂಡ್ ಮೊದಲು ಆರ್ಕೈವ್ ಬರೆಯಲು ಹೋಗುತ್ತದೆ. ಅದಕ್ಕೆ ಜಾಗವಿಲ್ಲ. ಆರ್ಕೈವ್ ವಿಫಲವಾಯಿತು ಅಂತ ಹೇಳಿ ಅಲ್ಲೇ ನಿಲ್ಲುತ್ತದೆ. ಜಾಗ ಮಾಡಲು ಜಾಗವೇ ಇಲ್ಲ. ಆಟೋಬ್ಯಾಕಪ್ ಬೇಡ ಅನ್ನುವ ಆಯ್ಕೆಯನ್ನು ಆ ಒಂದು ಕಮಾಂಡಿಗೆ ಕೊಟ್ಟರೆ ದಾಟಬಹುದು, ಆಮೇಲೆ ವಿಜಿಸಿಎಫ್‌ಜಿಬ್ಯಾಕಪ್ ಅನ್ನು ಕೈಯಾರೆ ಓಡಿಸಬೇಕು. ಇದು ಗೊತ್ತಿರುವವರಿಗೆ ಎರಡು ನಿಮಿಷದ ಕೆಲಸ. ನಡುರಾತ್ರಿ ಫೋನ್ ಬಂದು ಎದ್ದವರಿಗೆ ಅದು ಹೊಳೆಯುವುದು ಕಷ್ಟ. ಜಾಗ ಅಗ್ಗ ಅನ್ನುವುದು ಡೇಟಾ ಡಿಸ್ಕಿನ ಮಾತು. ರೂಟ್ ವಾಲ್ಯೂಮು ಎಷ್ಟೋ ಕಡೆ ಚಿಕ್ಕದಾಗಿಯೇ ಇರುತ್ತದೆ.

— ಒಪ್ಪಿದೆ. ಆದರೆ ಹಳೆಯ ಫೈಲಿಗೆ ಏನೂ ಬೆಲೆಯಿಲ್ಲ ಅಂತ ನೀವು ಹೇಳುತ್ತಿಲ್ಲವಲ್ಲ?

— ಬೆಲೆ ಇದೆ, ಕಾಲ ಕಳೆದಂತೆ ಇಳಿಯುತ್ತದೆ. ಎಷ್ಟು ದಿನ ಅನ್ನುವ ಪ್ರಶ್ನೆಯ ತಿರುಳೇ ಇದು. ಇಪ್ಪತ್ತು ದಿನದ ಹಿಂದಿನ ಫೈಲನ್ನು ಇವತ್ತು ಹಾಗೇ ಮರುಸ್ಥಾಪಿಸಿದಿರಿ ಅನ್ನಿ. ಆ ಇಪ್ಪತ್ತು ದಿನಗಳಲ್ಲಿ ಮಾಡಿದ ಹೊಸ ವಾಲ್ಯೂಮುಗಳು ದಾಖಲೆಯಿಂದ ಮಾಯವಾಗುತ್ತವೆ. ಬೆಳೆಸಿದ ವಾಲ್ಯೂಮು ಹಳೆಯ ಅಳತೆಗೆ ಕುಗ್ಗುತ್ತದೆ, ಒಳಗಿನ ಫೈಲ್ ಸಿಸ್ಟಂ ಮಾತ್ರ ದೊಡ್ಡದಾಗಿಯೇ ಇರುತ್ತದೆ. ಬಿಟ್ಟುಕೊಟ್ಟ ತುಂಡುಗಳ ಮೇಲೆ ಬೇರೆಯವರು ಬರೆದಿರುತ್ತಾರೆ. ಕಮಾಂಡು ತಪ್ಪಿಲ್ಲದೆ ಮುಗಿಯುತ್ತದೆ, ಡೇಟಾ ಹಾಳಾಗಿರುತ್ತದೆ.

— ಅಂದರೆ ಹಳೆಯದನ್ನು ಮರುಸ್ಥಾಪಿಸಲು ಇಡುವುದಲ್ಲ.

— ಓದಲು ಇಡುವುದು. ಕಳೆದುಹೋದ ವಾಲ್ಯೂಮು ಯಾವ ಯಾವ ತುಂಡುಗಳಲ್ಲಿ ಕೂತಿತ್ತು, ಯಾವ ಡಿಸ್ಕಿನ ಯುಯುಐಡಿ ಏನಿತ್ತು, ಯಾವ ದಿನ ಯಾವ ಕಮಾಂಡು ಅದನ್ನು ಬದಲಿಸಿತು, ಇವು ತಿಳಿಯುತ್ತವೆ. ಇಂದಿನ ದಾಖಲೆಗೆ ಹೋಲಿಸಿ, ಆ ತುಂಡುಗಳು ಇನ್ನೂ ಖಾಲಿ ಇವೆಯೇ ಅಂತ ನೋಡಿದ ಮೇಲೇ ಕೈ ಹಾಕಬೇಕು. ನಿಮ್ಮದು ಗಂಟೆಗೊಮ್ಮೆ ತುಂಡುಗಳನ್ನು ಕೊಟ್ಟು ವಾಪಸು ಪಡೆಯುವ ಯಂತ್ರ. ಅಲ್ಲಿ ಬಿಟ್ಟುಕೊಟ್ಟ ಜಾಗ ಬಹಳ ಬೇಗ ಬೇರೆಯದಕ್ಕೆ ಹೋಗುತ್ತದೆ. ಮೂವತ್ತು ದಿನದ ಹಿಂದೆ ಅಳಿಸಿದ ವಾಲ್ಯೂಮು ಅಲ್ಲಿ ಉಳಿದಿರುವ ಆಸೆ ಇಲ್ಲವೇ ಇಲ್ಲ ಅನ್ನಬೇಕು.

— ಎಸ್‌ಎಸ್‌ಡಿಯಲ್ಲೂ ಇದೇ ಲೆಕ್ಕವೇ?

— ಒಳ್ಳೆಯ ಪ್ರಶ್ನೆ. ಆ ಎರಡು ಸಂಖ್ಯೆಗಳನ್ನು ಬರೆಯುವ ಕಾನ್ಫಿಗರೇಷನ್ ಫೈಲಿನಲ್ಲೇ ಇಶ್ಯೂ ಡಿಸ್ಕಾರ್ಡ್ಸ್ ಅನ್ನುವ ಸೆಟ್ಟಿಂಗ್ ಇದೆ, ಮೂಲತಃ 0. ಅದನ್ನು 1 ಮಾಡಿದ್ದರೆ, ವಾಲ್ಯೂಮು ಅಳಿಸಿದ ಕ್ಷಣವೇ ಆ ಜಾಗ ಇನ್ನು ಬೇಡ ಅಂತ ಎಲ್‌ವಿಎಂ ಡಿಸ್ಕಿಗೆ ತಿಳಿಸುತ್ತದೆ. ಅಲ್ಲಿಗೆ ಬೈಟುಗಳೂ ಹೋದವು. ನೂರು ಆರ್ಕೈವ್ ಪ್ರತಿ ಇದ್ದರೂ ವಾಲ್ಯೂಮಿನ ಹೆಸರು ವಾಪಸು ಬಂದೀತು, ಒಳಗೇನೂ ಇರದು. ಆರ್ಕೈವಿನ ಅವಧಿ ನಿರ್ಧರಿಸುವವರು ಈ ಒಂದು ಸಾಲನ್ನೂ ನೋಡಲೇಬೇಕು. ಬರೆದಷ್ಟಕ್ಕೆ ಮಾತ್ರ ಜಾಗ ಕೊಡುವ ಥಿನ್ ಪೂಲ್ ಇದ್ದವರು ಇನ್ನೊಂದು ವಿಷಯ ನೋಡಬೇಕು. ಥಿನ್ ವಾಲ್ಯೂಮಿನ ಯಾವ ಬ್ಲಾಕು ಪೂಲಿನ ಎಲ್ಲಿದೆ ಅನ್ನುವ ವಿವರ ಈ ಪಠ್ಯ ಫೈಲಿನಲ್ಲಿ ಇರುವುದಿಲ್ಲ, ಪೂಲಿನೊಳಗಿನ ಪ್ರತ್ಯೇಕ ಮೆಟಾಡೇಟಾ ವಾಲ್ಯೂಮಿನಲ್ಲಿ ಇರುತ್ತದೆ. ಅದಕ್ಕೇ ಥಿನ್ ಪೂಲ್ ಇರುವ ಗ್ರೂಪನ್ನು ವಿಜಿಸಿಎಫ್‌ಜಿರಿಸ್ಟೋರ್ ಒತ್ತಾಯದ ಆಯ್ಕೆ ಕೊಡದೆ ಮುಟ್ಟುವುದೇ ಇಲ್ಲ. ಅಲ್ಲಿ ಒತ್ತಾಯ ಮಾಡುವ ಮೊದಲು ನೂರು ಸಲ ಯೋಚಿಸಬೇಕು.

— ಹಾಗಾದರೆ ನನ್ನ ಸರ್ವರಿಗೆ ಎಷ್ಟು ದಿನ ಅನ್ನುತ್ತೀರಿ?

— ನಿಮ್ಮಲ್ಲಿ ತಪ್ಪು ನಡೆದು ಎಷ್ಟು ದಿನಕ್ಕೆ ಗೊತ್ತಾಗುತ್ತದೆ? ಲೆಕ್ಕ ಅಲ್ಲಿಂದ ಶುರುವಾಗಬೇಕು, ಡಿಸ್ಕಿನ ಗಾತ್ರದಿಂದಲ್ಲ.

— ಸಾಮಾನ್ಯವಾಗಿ ಮರುದಿನವೇ. ಶುಕ್ರವಾರ ಸಂಜೆ ನಡೆದರೆ ಸೋಮವಾರ. ದಸರೆಯ ಸಾಲು ರಜೆ ಬಂದರೆ ಐದು ದಿನ.

— ಐದರ ಮೇಲೆ ಹುಡುಕಾಟಕ್ಕೆ ಒಂದಿಷ್ಟು ಸೇರಿಸಿ ಹತ್ತು ದಿನ ಇಡಿ. ಆದರೆ ಮಿನ್ ಅನ್ನು ಇಳಿಸಬೇಡಿ. ಐವತ್ತಕ್ಕೋ ನೂರಕ್ಕೋ ಏರಿಸಿ. ಸ್ನ್ಯಾಪ್‌ಶಾಟ್ ಸ್ಕ್ರಿಪ್ಟು ಎರಡು ವಾರ ಕೆಟ್ಟು ನಿಂತರೆ, ಆಮೇಲೆ ಮತ್ತೆ ಶುರುವಾದ ಮೊದಲ ಕಮಾಂಡಿಗೇ ದಿನದ ಲೆಕ್ಕದಲ್ಲಿ ಎಲ್ಲವೂ ಹಳೆಯದಾಗಿ ಹೋಗಿಬಿಡುತ್ತವೆ. ಆಗ ಉಳಿಸುವುದು ಮಿನ್ ಒಂದೇ. ಆ ಮೌನವಾದ ಡೇಟಾಬೇಸ್ ಸರ್ವರಿನಲ್ಲಿ ಇದಕ್ಕೆ ತದ್ವಿರುದ್ಧ ಮಾಡಿ, ದಿನವನ್ನು 365ಕ್ಕೆ ಏರಿಸಿ. ವರ್ಷಕ್ಕೆ ಒಂದಿಷ್ಟು ಫೈಲುಗಳು, ಭಾರವೇ ಇಲ್ಲ.

— ಹತ್ತು ದಿನ ಅಂದರೂ ನನ್ನಲ್ಲಿ 2,880 ಫೈಲು. ಸ್ನ್ಯಾಪ್‌ಶಾಟ್ ಸ್ಕ್ರಿಪ್ಟಿಗೆ ಆ ಆಟೋಬ್ಯಾಕಪ್ ಬೇಡ ಅನ್ನುವ ಆಯ್ಕೆಯನ್ನೇ ಕೊಟ್ಟುಬಿಟ್ಟರೆ?

— ಅದರಲ್ಲಿ ಅರ್ಧ ಸರಿ. ಸ್ಕ್ರಿಪ್ಟಿನಲ್ಲಿ ಅಪಾಯ ಎಲ್ಲಿದೆ ನೋಡಿ. ಎಲ್‌ವಿರಿಮೂವ್‌ಗೆ ವಾಲ್ಯೂಮಿನ ಹೆಸರಿಲ್ಲದೆ ಬರಿ ಗ್ರೂಪಿನ ಹೆಸರು ಹೋದರೆ, ಬಳಕೆಯಲ್ಲಿಲ್ಲದ ವಾಲ್ಯೂಮುಗಳನ್ನೆಲ್ಲ ಅದು ತೆಗೆಯಲು ಹೊರಡುತ್ತದೆ. ಸ್ಕ್ರಿಪ್ಟು ಪ್ರಶ್ನೆ ಕೇಳದ ಆಯ್ಕೆಯಲ್ಲಿ ಓಡುತ್ತಿದ್ದರೆ ತಡೆಯುವವರಿಲ್ಲ. ಒಂದು ವೇರಿಯಬಲ್ ಖಾಲಿಯಾದರೆ ಸಾಕು.

— ಹಾಗಾದರೆ ಸ್ನ್ಯಾಪ್‌ಶಾಟ್ ಮಾಡುವಾಗ ಮಾತ್ರ ಆರ್ಕೈವ್ ಬೇಡ ಅನ್ನೋಣ, ತೆಗೆಯುವಾಗ ಇರಲಿ. ತೆಗೆಯುವ ಮುನ್ನ ಬರೆಯುವ ಪ್ರತಿಯಲ್ಲಿ ಹೇಗೂ ಆ ಹೊತ್ತಿನ ಪೂರ್ತಿ ಸ್ಥಿತಿ ಇರುತ್ತದೆ. ಅರ್ಧಕ್ಕೆ ಅರ್ಧ ಫೈಲು ಕಡಿಮೆ.

— ಅದು ನನಗೆ ಹೊಳೆದಿರಲಿಲ್ಲ, ಚೆನ್ನಾಗಿದೆ. ಆದರೆ ಆ ಆಯ್ಕೆ ಬ್ಯಾಕಪ್ ಡೈರೆಕ್ಟರಿಯ ಫೈಲನ್ನೂ ಹೊಸದು ಮಾಡಲು ಬಿಡದು. ಸ್ಕ್ರಿಪ್ಟಿನ ಕೊನೆಯಲ್ಲಿ ಒಂದು ವಿಜಿಸಿಎಫ್‌ಜಿಬ್ಯಾಕಪ್ ಸೇರಿಸಿ.

— ಸೇರಿಸುತ್ತೇನೆ. ಈ ಸಂಖ್ಯೆಗಳನ್ನು ಎಲ್ಲಿ ಬರೆಯಲಿ?

— ಎಲ್‌ವಿಎಂ ಕಾನ್ಫ್ ಫೈಲಿನ ಬ್ಯಾಕಪ್ ಅನ್ನುವ ವಿಭಾಗದಲ್ಲಿ. ಈ ಯಂತ್ರಕ್ಕೆ ಮಾತ್ರ ಸೀಮಿತವಾದದ್ದಾದರೆ ಪಕ್ಕದಲ್ಲೇ ಇರುವ ಎಲ್‌ವಿಎಂ ಲೋಕಲ್ ಕಾನ್ಫ್‌ನಲ್ಲಿ. ಬರೆದ ಮೇಲೆ ನಂಬಿಕೆಯ ಮೇಲೆ ಬಿಡಬೇಡಿ. ಎಲ್‌ವಿಎಂಕಾನ್ಫಿಗ್ ಕಮಾಂಡಿನಿಂದ ಆ ವಿಭಾಗವನ್ನು ಕೇಳಿ, ಜಾರಿಯಲ್ಲಿರುವ ಮೌಲ್ಯವನ್ನು ಅದೇ ಹೇಳುತ್ತದೆ. ಸಾಲಿನ ಮುಂದಿನ ಹ್ಯಾಶ್ ಗುರುತು ತೆಗೆಯದೆ ಸಂಖ್ಯೆಯನ್ನಷ್ಟೇ ಬದಲಿಸಿದರೆ ಏನೂ ಬದಲಾಗದು.

— ಇನ್ನೇನಾದರೂ ಉಳಿದಿದೆಯೇ?

— ಮುಖ್ಯವಾದದ್ದೇ ಉಳಿದಿದೆ. ನಿಮ್ಮ ಇಟಿಸಿ ಎಲ್ಲಿದೆ?

— ರೂಟ್ ವಾಲ್ಯೂಮಿನಲ್ಲಿ.

— ರೂಟ್ ವಾಲ್ಯೂಮು?

— ಅದೇ ವಾಲ್ಯೂಮ್ ಗ್ರೂಪಿನಲ್ಲಿ.

— ಆ ಗ್ರೂಪು ಏಳದಿದ್ದ ದಿನ, ಅದನ್ನು ಏಳಿಸಬೇಕಾದ ದಾಖಲೆ ಅದರ ಒಳಗೇ ಸಿಕ್ಕಿಬಿದ್ದಿರುತ್ತದೆ. ಹತ್ತು ದಿನ ಇಟ್ಟಿದ್ದೀರೋ ಮುನ್ನೂರು ದಿನ ಇಟ್ಟಿದ್ದೀರೋ, ಲೆಕ್ಕಕ್ಕೇ ಬರುವುದಿಲ್ಲ. ಪೂರ್ತಿ ಕತ್ತಲೆಯೇನೂ ಅಲ್ಲ. ಡಿಸ್ಕಿನ ಆರಂಭದ ಮೆಟಾಡೇಟಾ ಜಾಗದಲ್ಲಿ ಎಲ್‌ವಿಎಂ ಸುತ್ತುಸುತ್ತಾಗಿ ಬರೆಯುತ್ತಾ ಹೋಗುವುದರಿಂದ, ಹಿಂದಿನ ಕೆಲವು ಆವೃತ್ತಿಗಳು ಅಲ್ಲೇ ಉಳಿದಿರುತ್ತವೆ. ಪಿವಿಸಿಕೆ ಕಮಾಂಡಿನ ಹೊಸ ಆವೃತ್ತಿಗಳು ಅವನ್ನು ಹುಡುಕಿ ಹೊರತೆಗೆಯುತ್ತವೆ. ಆದರೆ ಹೋದದ್ದು ಡಿಸ್ಕಿನ ತಲೆಯೇ ಆಗಿದ್ದರೆ ಆ ಡಿಸ್ಕಿನ ಮಟ್ಟಿಗೆ ಆ ದಾರಿಯೂ ಮುಚ್ಚಿತು. ಎರಡೂ ಡೈರೆಕ್ಟರಿಗಳನ್ನು ರಾತ್ರಿಯ ಬ್ಯಾಕಪ್ಪಿನಲ್ಲಿ ಸೇರಿಸಿ, ಬೇರೆ ಯಂತ್ರಕ್ಕೆ ಹೋಗಲಿ. ಹಲವು ಸರ್ವರುಗಳು ಒಂದೇ ಸಂಗ್ರಹವನ್ನು ಹಂಚಿಕೊಂಡಿದ್ದರೆ ಎಲ್ಲ ಸರ್ವರುಗಳಿಂದಲೂ ತೆಗೆದುಕೊಳ್ಳಿ. ಬದಲಾವಣೆ ಮಾಡಿದ ಯಂತ್ರದಲ್ಲೇ ಅದರ ಆರ್ಕೈವ್ ಇರುತ್ತದೆ, ಇತಿಹಾಸ ಹಂಚಿಹೋಗಿರುತ್ತದೆ.

— ಆ ಬೇರೆ ಯಂತ್ರದಲ್ಲಿ ಎಷ್ಟು ದಿನ ಇಡಲಿ?

— ಡೇಟಾದ ಬ್ಯಾಕಪ್ ಎಷ್ಟು ದಿನ ಇರುತ್ತದೋ ಅಷ್ಟೇ ದಿನ. ಡೇಟಾವನ್ನು ಹಿಂದಿನ ತಿಂಗಳಿಂದ ತಂದಾಗ, ಆ ತಿಂಗಳು ಯಾವ ವಾಲ್ಯೂಮು ಎಷ್ಟು ದೊಡ್ಡದಿತ್ತು ಅನ್ನುವುದೂ ಜೊತೆಗೆ ಗೊತ್ತಿರಬೇಕು.

— ಆರ್ಕೈವ್ ಬಂದ್ ಮಾಡುವ ಮಾತನ್ನು ಬಿಟ್ಟೆ. ಹತ್ತು ದಿನ, ನೂರು ಪ್ರತಿ, ರಾತ್ರಿ ಹೊರಗೊಂದು ನಕಲು.

— ಇವತ್ತೇ ಇನ್ನೊಂದು ಕೆಲಸ ಮಾಡಿ. ಕೆಲಸಕ್ಕೆ ಬಾರದ ಒಂದು ಚಿಕ್ಕ ಡಿಸ್ಕಿನ ಮೇಲೆ ಗ್ರೂಪು ಕಟ್ಟಿ, ಒಂದು ವಾಲ್ಯೂಮು ಮಾಡಿ, ಒಳಗೆ ನಾಲ್ಕು ಫೈಲು ಹಾಕಿ, ಅಳಿಸಿ, ಆರ್ಕೈವಿನಿಂದ ವಾಪಸು ತನ್ನಿ. ವಿಜಿಸಿಎಫ್‌ಜಿರಿಸ್ಟೋರ್‌ನ ಪಟ್ಟಿ ತೋರಿಸುವ ಆಯ್ಕೆ ಹೇಗೆ ಕಾಣುತ್ತದೆ, ಅಳಿಸುವ ಮೊದಲಿನ ಪ್ರತಿ ಯಾವುದು ಅಂತ ವಿವರಣೆಯ ಸಾಲಿನಿಂದ ಹೇಗೆ ಗುರುತಿಸುವುದು, ಇವನ್ನು ನೀವು ನೋಡಿರಬೇಕು. ನಿಮ್ಮ ಜೊತೆ ರಾತ್ರಿ ಪಾಳಿಯಲ್ಲಿರುವ ಇಬ್ಬರಿಂದಲೂ ಒಂದೊಂದು ಸಲ ಮಾಡಿಸಿ.